ನೋಡೋದು ಅಂಗಡಿಯಲ್ಲಿ, ಕೊಳ್ಳೋದು ಫೋನಿನಲ್ಲಿ

(ಸ್ವಸಹಾಯ ಸಂಘಗಳ ಮಾಸಿಕ ಸಭೆಗಾಗಿ ಪಾಠ)



ಈ ತಿಂಗಳ ಪಾಠಕ್ಕೆ ಆರಿಸಿಕೊಂಡಿರುವ ವಿಷಯ ನಿಮಗೆ ಹೊಸದೇನಲ್ಲ. ಅಂಗಡಿಗೆ ಹೋಗುತ್ತೇವೆ. ಸೀರೆ, ಚೂಡಿದಾರ್, ಮಿಕ್ಸಿ, ಚಪ್ಪಲಿ ಹೀಗೆ ಬೇಕಾದ್ದನ್ನು ತೆಗೆಸಿ ನೋಡುತ್ತೇವೆ. ಮುಟ್ಟಿ ನೋಡುತ್ತೇವೆ, ಹಾಕಿ ನೋಡುತ್ತೇವೆ, ಬೆಲೆ ಕೇಳುತ್ತೇವೆ. "ಮನೇಲಿ ಕೇಳಿ ಬರ್ತೀನಿ ಅಕ್ಕಾ" ಎಂದು ಹೇಳಿ ಹೊರಗೆ ಬರುತ್ತೇವೆ. ಮನೆಗೆ ಬಂದು ಮಗಳ ಕೈಯಲ್ಲಿ ಫೋನು ಕೊಟ್ಟು, "ಅದೇ ಬಣ್ಣದ್ದು ಎಷ್ಟಕ್ಕೆ ಸಿಗುತ್ತೆ ನೋಡು" ಎನ್ನುತ್ತೇವೆ. ನೂರು ರೂಪಾಯಿ ಕಮ್ಮಿ ಕಂಡರೆ ಆರ್ಡರ್ ಮಾಡುತ್ತೇವೆ. ಇಂಗ್ಲಿಷಿನಲ್ಲಿ ಇದಕ್ಕೆ 'ಶೋರೂಮಿಂಗ್' ಎಂಬ ಹೆಸರೇ ಇದೆ. ಅಂದರೆ ಅಂಗಡಿಯನ್ನು ಬರೀ ನೋಡುವ ಜಾಗ ಮಾಡಿಕೊಳ್ಳುವುದು.

ಇದು ತಪ್ಪೋ ಸರಿಯೋ ಎಂದು ತೀರ್ಪು ಕೊಡುವುದು ನಮ್ಮ ಉದ್ದೇಶವಲ್ಲ. ಕಷ್ಟಪಟ್ಟು ದುಡಿದ ಹಣದಲ್ಲಿ ನೂರು ರೂಪಾಯಿ ಉಳಿಸುವ ಹಕ್ಕು ಎಲ್ಲ ಹೆಂಗಸರಿಗೂ ಇದೆ. ಆದರೆ ನಮ್ಮ ಸಂಘಗಳಲ್ಲಿ ಕೊಳ್ಳುವವರೂ ಇದ್ದಾರೆ, ಅಂಗಡಿ ಇಟ್ಟವರೂ ಇದ್ದಾರೆ. ಸಂಘದಿಂದ ಸಾಲ ಪಡೆದು ಬಟ್ಟೆ ಅಂಗಡಿ, ಫ್ಯಾನ್ಸಿ ಸ್ಟೋರ್, ಪಾತ್ರೆ ಅಂಗಡಿ ಹಾಕಿದ ಸದಸ್ಯೆಯ ಬಾಗಿಲಿಗೆ ಬಂದು ನೋಡಿ ಹೋಗುವವರಲ್ಲಿ ಅದೇ ಸಂಘದ ಸದಸ್ಯೆಯರೂ ಇರಬಹುದು. ಹಾಗಾಗಿ ಎರಡೂ ಕಡೆಯಿಂದ ಯೋಚಿಸೋಣ.

ಈ ಪಾಠದ ಉದ್ದೇಶ:
1. ಆನ್‌ಲೈನ್‌ನಲ್ಲಿ ಬೆಲೆ ಯಾಕೆ ಕಡಿಮೆ ಇರುತ್ತದೆ ಎಂದು ತಿಳಿಯುವುದು.
2. ವಸ್ತುವನ್ನು ತೋರಿಸುವುದಕ್ಕೆ ಅಂಗಡಿಯವರಿಗೆ ಆಗುವ ಖರ್ಚನ್ನು ಲೆಕ್ಕ ಹಾಕುವುದು.
3. ಕೊಳ್ಳುವವರಾಗಿ, ಮಾರುವವರಾಗಿ ನಾವು ಏನು ಮಾಡಬಹುದು ಎಂದು ಸಂಘದಲ್ಲಿ ತೀರ್ಮಾನಿಸುವುದು.

ಇದು ಹೇಗೆ ಶುರುವಾಯಿತು?

ಫ್ಲಿಪ್‌ಕಾರ್ಟ್ 2007ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾಯಿತು. ಮೊದಲು ಮಾರುತ್ತಿದ್ದದ್ದು ಪುಸ್ತಕ. 2010ರಲ್ಲಿ ವಸ್ತು ಕೈಗೆ ಬಂದ ಮೇಲೆ ಹಣ ಕೊಡುವ ಪದ್ಧತಿ ತಂದರು. ಬ್ಯಾಂಕ್ ಕಾರ್ಡ್ ಇಲ್ಲದವರೂ, ಕಂಪ್ಯೂಟರಿಗೆ ಹಣ ಕೊಡಲು ಹೆದರುವವರೂ ಆಗ ಕೊಳ್ಳತೊಡಗಿದರು. 2013ರಲ್ಲಿ ಅಮೆಜಾನ್ ಭಾರತಕ್ಕೆ ಬಂತು. 2015ರಲ್ಲಿ ಬೆಂಗಳೂರಿನಲ್ಲೇ ಮೀಶೋ ಶುರುವಾಯಿತು. 2016ರಲ್ಲಿ ಜಿಯೋ ಬಂದು ಇಂಟರ್‌ನೆಟ್ ಅಗ್ಗವಾಯಿತು. ಅದೇ ವರ್ಷ ಯುಪಿಐ ಬಂತು, ನವೆಂಬರಿನಲ್ಲಿ ನೋಟು ರದ್ದಾಯಿತು. 2020ರಲ್ಲಿ ಕೊರೋನಾ ಕಾಲದ ಲಾಕ್‌ಡೌನ್‌ನಲ್ಲಿ ಅಂಗಡಿಗಳು ಮುಚ್ಚಿದಾಗ ಫೋನಿನಲ್ಲಿ ಕೊಳ್ಳುವುದು ಇನ್ನೂ ಹೆಚ್ಚು ಮನೆಗಳಿಗೆ ಅಭ್ಯಾಸವಾಯಿತು.

ಇದರಿಂದ ನಮಗೆ ಒಳ್ಳೆಯದೂ ಆಗಿದೆ. ಊರಿನಲ್ಲಿ ಸಿಗದ ಪುಸ್ತಕ ಮಕ್ಕಳಿಗೆ ಸಿಗುತ್ತಿದೆ. ನಡೆಯಲು ಆಗದವರ ಮನೆ ಬಾಗಿಲಿಗೆ ವಸ್ತು ಬರುತ್ತಿದೆ. ಗಂಡಸರು ಕೂತಿರುವ ಅಂಗಡಿಯಲ್ಲಿ ಒಳ ಉಡುಪು ಕೇಳಲು ಸಂಕೋಚಪಡುತ್ತಿದ್ದ ಹುಡುಗಿಯರಿಗೆ ಅನುಕೂಲವಾಗಿದೆ. ಮುಖ್ಯವಾಗಿ, ಊರಿನಲ್ಲಿ ಒಂದೇ ಅಂಗಡಿ ಇದ್ದಾಗ ಅವರು ಹೇಳಿದ್ದೇ ರೇಟು ಆಗಿತ್ತು. ಈಗ ಹೊರಗಿನ ಬೆಲೆ ಎಷ್ಟು ಅಂತ ನಮಗೂ ಗೊತ್ತಾಗುತ್ತೆ.

ಆನ್‌ಲೈನ್‌ನಲ್ಲಿ ಕಮ್ಮಿ ಯಾಕೆ?

ಒಂದು: ಅವರಿಗೆ ಪೇಟೆ ಬೀದಿಯಲ್ಲಿ ಮಳಿಗೆ ಬೇಡ. ಊರ ಹೊರಗೆ ದೊಡ್ಡ ಗೋದಾಮು ಇದ್ದರೆ ಸಾಕು. ತೋರಿಸಲು ಜನ ಬೇಡ, ಫೋಟೋ ಸಾಕು.

ಎರಡು: ಅಲ್ಲಿ ಮಾರುವ ದೊಡ್ಡ ವ್ಯಾಪಾರಿಗಳು ಸಾವಿರಗಟ್ಟಲೆ ಒಟ್ಟಿಗೆ ಕೊಳ್ಳುತ್ತಾರೆ, ಹಾಗಾಗಿ ತಯಾರಕರು ಅವರಿಗೆ ಕಡಿಮೆಗೆ ಕೊಡುತ್ತಾರೆ. ಹತ್ತು ಪೀಸ್ ತರುವ ನಮ್ಮ ಸದಸ್ಯೆಗೆ ಆ ದರ ಸಿಗುವುದಿಲ್ಲ.

ಮೂರು: ದೊಡ್ಡ ಕಂಪನಿಗಳು ಹೂಡಿಕೆದಾರರ ಹಣದಿಂದ ವರ್ಷಗಟ್ಟಲೆ ನಷ್ಟ ಸಹಿಸಿಕೊಂಡು ರಿಯಾಯಿತಿ ಕೊಟ್ಟಿವೆ. ಗಿರಾಕಿಗಳಿಗೆ ಅಭ್ಯಾಸ ಆಗಲಿ ಎಂಬುದು ಅವರ ಲೆಕ್ಕ. ನಮ್ಮ ಸದಸ್ಯೆ ಎರಡು ತಿಂಗಳು ನಷ್ಟ ಮಾಡಿಕೊಂಡರೆ ಅಂಗಡಿ ಮುಚ್ಚಬೇಕು. ಸಣ್ಣ ವ್ಯಾಪಾರಿಗಳು ಈ ಬಗ್ಗೆ ದೂರು ಕೊಟ್ಟ ಮೇಲೆ, 2020ರ ಜನವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಮೇಲೆ ತನಿಖೆಗೆ ಆದೇಶಿಸಿತು. ಅದನ್ನು ಪ್ರಶ್ನಿಸಿ ಕಂಪನಿಗಳು ಕರ್ನಾಟಕ ಹೈಕೋರ್ಟಿಗೆ ಬಂದವು. 2021ರ ಜೂನ್‌ನಲ್ಲಿ ಹೈಕೋರ್ಟ್ ಅವರ ಅರ್ಜಿಗಳನ್ನು ವಜಾ ಮಾಡಿತು.

ನಾಲ್ಕು: ಕೆಲವು ಸಲ ವಸ್ತುವೇ ಬೇರೆ ಇರುತ್ತದೆ. ಹೆಸರು ಒಂದೇ, ಮಾಡೆಲ್ ನಂಬರ್ ಬೇರೆ. ಫೋಟೋದಲ್ಲಿ ರೇಷ್ಮೆ, ಕೈಗೆ ಬಂದಾಗ ಪಾಲಿಯೆಸ್ಟರ್. ಇಳಕಲ್ ಸೀರೆಯನ್ನೇ ನೋಡಿ. ಒಡಲು ಮತ್ತು ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವುದು ಇಳಕಲ್ ನೇಕಾರರ ವಿಶೇಷ. ಅಂಗಡಿಯಲ್ಲಿ ಸೆರಗು ಹಿಡಿದು ನೋಡಿದರೆ ತಿಳಿದವರಿಗೆ ಆ ಜೋಡಣೆ ಕಾಣುತ್ತದೆ. ಬರೀ ಫೋಟೋ ನೋಡಿ ಅದು ಕೈಮಗ್ಗದ್ದೋ ಅಲ್ಲವೋ ಹೇಳುವುದು ಕಷ್ಟ. ರೇಷ್ಮೆಗೆ 'ಸಿಲ್ಕ್ ಮಾರ್ಕ್', ಕೈಮಗ್ಗಕ್ಕೆ 'ಹ್ಯಾಂಡ್‌ಲೂಮ್ ಮಾರ್ಕ್' ಎಂಬ ಗುರುತುಗಳಿವೆ. ಎಲ್ಲಿ ಕೊಂಡರೂ ಅವನ್ನು ಕೇಳಿ.

ತೋರಿಸುವುದಕ್ಕೂ ಖರ್ಚಿದೆ

"ನೋಡಿದ್ರೆ ದುಡ್ಡೇನು ಕೊಡ್ಬೇಕಾ?" ಎಂದು ನಾವು ತಮಾಷೆಗೆ ಹೇಳುತ್ತೇವೆ. ಆ ದುಡ್ಡು ಎಷ್ಟು ಎಂದು ಈಗ ಲೆಕ್ಕ ಹಾಕೋಣ. ಇದು ಉದಾಹರಣೆಗಾಗಿ ಮಾಡಿದ ಲೆಕ್ಕ. ನಿಮ್ಮ ಊರಿನ ಬಾಡಿಗೆ, ಲಾಭಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಿ.

ಒಬ್ಬ ಸದಸ್ಯೆ 1,00,000 ರೂಪಾಯಿ ಸಾಲ ಪಡೆದು ರೆಡಿಮೇಡ್ ಬಟ್ಟೆ ಅಂಗಡಿ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಅವರ ಒಂದು ತಿಂಗಳ ಖರ್ಚು:

ಅಂಗಡಿ ಬಾಡಿಗೆ: 3,000 ರೂ.
ಕರೆಂಟು ಬಿಲ್ಲು: 500 ರೂ.
ಮಾಲು ತರುವ ಬಸ್ ಚಾರ್ಜು, ಲಗೇಜು: 1,500 ರೂ.
ಸಾಲದ ಬಡ್ಡಿ (ನೂರಕ್ಕೆ ತಿಂಗಳಿಗೆ 1 ರೂಪಾಯಿಯಂತೆ, ಮೊದಲ ತಿಂಗಳು): 1,000 ರೂ.
ಒಟ್ಟು: 6,000 ರೂ.

ತಿಂಗಳಲ್ಲಿ 25 ದಿನ ಅಂಗಡಿ ತೆಗೆದರೆ ದಿನಕ್ಕೆ 240 ರೂಪಾಯಿ ಖರ್ಚು. ಗಿರಾಕಿ ಬರಲಿ, ಬಿಡಲಿ, ಈ 240 ರೂಪಾಯಿ ಹೋಗಿಯೇ ಹೋಗುತ್ತದೆ.

ನೂರು ರೂಪಾಯಿ ವ್ಯಾಪಾರಕ್ಕೆ 20 ರೂಪಾಯಿ ಲಾಭ ಎಂದುಕೊಳ್ಳೋಣ. ದಿನಕ್ಕೆ 12 ಜನ ತಲಾ 225 ರೂಪಾಯಿಯ ವ್ಯಾಪಾರ ಮಾಡಿದರೆ ಒಟ್ಟು ವ್ಯಾಪಾರ 2,700 ರೂಪಾಯಿ, ಲಾಭ 540 ರೂಪಾಯಿ. ಖರ್ಚು 240 ಕಳೆದರೆ ಆ ಸದಸ್ಯೆಯ ದಿನದ ದುಡಿಮೆ 300 ರೂಪಾಯಿ.

ಈಗ ಆ 12 ಜನರಲ್ಲಿ 4 ಜನ ನೋಡಿಕೊಂಡು ಹೋಗಿ ಆನ್‌ಲೈನ್‌ನಲ್ಲಿ ಕೊಂಡರು ಎನ್ನಿ. ಉಳಿದ 8 ಜನರ ವ್ಯಾಪಾರ 1,800 ರೂಪಾಯಿ, ಲಾಭ 360 ರೂಪಾಯಿ. ಖರ್ಚು ಮಾತ್ರ ಅದೇ 240. ಉಳಿದದ್ದು 120 ರೂಪಾಯಿ.

ನೋಡಿದಿರಾ? ಗಿರಾಕಿಗಳು ಕಮ್ಮಿಯಾದದ್ದು ಮೂರರಲ್ಲಿ ಒಂದು ಪಾಲು. ದುಡಿಮೆ ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ಆ 4 ಜನರಿಗೂ ಆಕೆ ಬಟ್ಟೆ ಬಿಚ್ಚಿ ತೋರಿಸಿದ್ದಾರೆ, ಅಳತೆ ಹೇಳಿದ್ದಾರೆ, ಮತ್ತೆ ಮಡಚಿ ಇಟ್ಟಿದ್ದಾರೆ. ಹತ್ತು ಸಲ ಬಿಚ್ಚಿ ಮಡಚಿದ ಪೀಸಿನ ಹೊಳಪು ಹೋಗಿ, ಕೊನೆಗೆ ಅದನ್ನು ಅಸಲಿಗಿಂತ ಕಮ್ಮಿಗೆ ಮಾರಬೇಕಾಗುತ್ತದೆ.

ಸಾಲದ ಕಂತು ಇನ್ನೂ ಲೆಕ್ಕಕ್ಕೆ ಬಂದಿಲ್ಲ. 25 ತಿಂಗಳಲ್ಲಿ ಸಾಲ ತೀರಿಸಬೇಕಾದರೆ ತಿಂಗಳಿಗೆ 4,000 ರೂಪಾಯಿ ಅಸಲು ಕಟ್ಟಬೇಕು. ದಿನಕ್ಕೆ 300ರಂತೆ ತಿಂಗಳಿಗೆ 7,500 ಬಂದರೆ, ಕಂತು ಕಟ್ಟಿ 3,500 ಮನೆಗೆ ಉಳಿಯುತ್ತದೆ. ದಿನಕ್ಕೆ 120ರಂತೆ ಬರುವುದು 3,000 ಮಾತ್ರ. ಕಂತಿಗೇ 1,000 ರೂಪಾಯಿ ಸಾಲದು, ಮನೆಗೆ ಏನೂ ಇಲ್ಲ. ಆಗ ಯಾರು ಕಟ್ಟಬೇಕು? ಬ್ಯಾಂಕಿನವರು ಸಾಲ ಕೊಟ್ಟಿರುವುದು ಸಂಘಕ್ಕೆ. ಒಬ್ಬರ ಕಂತು ನಿಂತರೆ ಎಲ್ಲರ ಮುಂದಿನ ಸಾಲಕ್ಕೂ ಕಲ್ಲು ಬೀಳುತ್ತದೆ. ಹಾಗಾಗಿ ಅಂಗಡಿಯ ನಷ್ಟ ಆ ಸದಸ್ಯೆ ಒಬ್ಬರದೇ ಅಲ್ಲ.

ಬೇರೆ ದೇಶದವರು ಏನು ಮಾಡಿದರು?

ಈ ತೊಂದರೆ ನಮಗಿಂತ ಮೊದಲೇ ಅಮೆರಿಕಾದಲ್ಲಿ ಬಂತು. 2011ರ ಡಿಸೆಂಬರಿನಲ್ಲಿ ಅಮೆಜಾನ್ ಅಲ್ಲಿ ಒಂದು ದಿನದ ಕೊಡುಗೆ ಕೊಟ್ಟಿತು. ಜನ ಬೇರೆಯವರ ಅಂಗಡಿಯಲ್ಲಿ ನಿಂತು, ವಸ್ತುವಿನ ಬೆಲೆಯನ್ನು ಅಮೆಜಾನ್ ಆ್ಯಪ್‌ನಲ್ಲಿ ಹೋಲಿಸಿ ನೋಡಿ ಅಲ್ಲೇ ಕೊಂಡರೆ, 5 ಡಾಲರ್‌ವರೆಗೆ ರಿಯಾಯಿತಿ. ಅಂಗಡಿಯವರಿಗೆ ಎಷ್ಟು ಸಿಟ್ಟು ಬಂದಿರಬೇಕು ನೀವೇ ಯೋಚಿಸಿ!

2013ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಒಂದು ಸಣ್ಣ ದಿನಸಿ ಅಂಗಡಿಯವರು ಬಾಗಿಲಿಗೆ ಚೀಟಿ ಅಂಟಿಸಿದರು: ಸುಮ್ಮನೆ ನೋಡಲು ಬಂದರೆ 5 ಡಾಲರ್ ಶುಲ್ಕ, ವಸ್ತು ಕೊಂಡರೆ ಆ ಹಣ ವಾಪಸ್. ಇದು ಬೇರೆ ದೇಶಗಳ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಬಾಗಿಲಲ್ಲೇ ದುಡ್ಡು ಕೇಳಿದರೆ ಕೊಳ್ಳುವ ಮನಸ್ಸಿದ್ದವರೂ ಒಳಗೆ ಬರಲಾರರು.

ಬೆಸ್ಟ್ ಬೈ ಎಂಬ ಅಮೆರಿಕಾದ ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿ ಬೇರೆ ದಾರಿ ಹಿಡಿಯಿತು. ಜನ ಅಲ್ಲಿ ಟಿವಿ ನೋಡಿ ಆನ್‌ಲೈನ್‌ನಲ್ಲಿ ಕೊಳ್ಳುತ್ತಾರೆ, ಈ ಕಂಪನಿ ಮುಳುಗುತ್ತದೆ ಎಂದೇ ಎಲ್ಲರೂ ಮಾತಾಡುತ್ತಿದ್ದರು. 2012ರಲ್ಲಿ ಊಬೆರ್ ಜೋಲಿ ಎಂಬುವವರು ಅದರ ಮುಖ್ಯಸ್ಥರಾದರು. ಆನ್‌ಲೈನ್ ಬೆಲೆ ತೋರಿಸಿದರೆ ಅದೇ ಬೆಲೆಗೆ ನಾವೂ ಕೊಡುತ್ತೇವೆ ಎಂದು ಕಂಪನಿ ಹೇಳಿತು. ಕೆಲಸಗಾರರಿಗೆ ತರಬೇತಿ ಕೊಟ್ಟಿತು. 2013ರಲ್ಲಿ ಸ್ಯಾಮ್ಸಂಗ್ ಕಂಪನಿ ತನ್ನ ವಸ್ತುಗಳನ್ನು ತೋರಿಸಲು ಬೆಸ್ಟ್ ಬೈ ಅಂಗಡಿಗಳ ಒಳಗೇ ಪ್ರತ್ಯೇಕ ಮಳಿಗೆ ಮಾಡಿಕೊಂಡಿತು. ತೋರಿಸುವ ಜಾಗಕ್ಕೆ ಬೆಲೆ ಇದೆ ಎಂದು ವಸ್ತು ತಯಾರಿಸುವವರೇ ಒಪ್ಪಿಕೊಂಡ ಹಾಗಾಯಿತು. ಬೆಸ್ಟ್ ಬೈ ಉಳಿದುಕೊಂಡಿತು.

ನಮ್ಮ ದೇಶದಲ್ಲೂ ಇದಕ್ಕೆ ಸಾಕ್ಷಿ ಇದೆ. ಆನ್‌ಲೈನ್‌ನಲ್ಲಿ ಕನ್ನಡಕ ಮಾರುತ್ತಿದ್ದ ಲೆನ್ಸ್‌ಕಾರ್ಟ್ ಆಮೇಲೆ ಊರೂರುಗಳಲ್ಲಿ ಅಂಗಡಿ ತೆರೆಯಿತು. ಕನ್ನಡಕವನ್ನು ಮುಖಕ್ಕೆ ಹಾಕಿ ನೋಡದೆ ಜನ ಕೊಳ್ಳುವುದು ಕಷ್ಟ ಎಂದು ಅವರಿಗೂ ಗೊತ್ತು. ತೋರಿಸುವ ಕೆಲಸ ಯಾರಾದರೂ ಮಾಡಲೇಬೇಕು, ಅದರ ಖರ್ಚು ಯಾರಾದರೂ ಹೊರಲೇಬೇಕು. ದೊಡ್ಡ ಅಂಗಡಿಗೆ ಕಂಪನಿಗಳ ಬೆಂಬಲ ಸಿಗಬಹುದು. ನಮ್ಮ ಊರಿನ ಅಂಗಡಿಯಲ್ಲಿ ಅದನ್ನು ಹೊರುವವರು ಆ ಸದಸ್ಯೆ ಒಬ್ಬರೇ.

ಉದ್ರಿಗೆ ಅಂಗಡಿ, ನಗದಿಗೆ ಫೋನು

ಈಗ ಒಂದು ಸೂಕ್ಷ್ಮವಾದ ವಿಷಯ ಹೇಳಬೇಕು. ದಯವಿಟ್ಟು ಯಾರೂ ಬೇಜಾರು ಮಾಡಿಕೊಳ್ಳಬಾರದು.

ಮನೆಯಲ್ಲಿ ಹಣ ಇಲ್ಲದ ವಾರ ನಾವು ಎಲ್ಲಿಗೆ ಹೋಗುತ್ತೇವೆ? ಊರಿನ ಅಂಗಡಿಗೆ. "ಅಕ್ಕಾ, ಬರ್ಕೊಳ್ಳಿ, ಶನಿವಾರ ಬಟವಾಡೆ ಆದ್ಮೇಲೆ ಕೊಡ್ತೀನಿ" ಎನ್ನುತ್ತೇವೆ. ಶಾಲೆ ಶುರುವಾಗುವ ಹೊತ್ತಿಗೆ ಮಕ್ಕಳ ಯೂನಿಫಾರ್ಮನ್ನು ಉದ್ರಿಯಲ್ಲಿ ಕೊಟ್ಟವರು ಅವರೇ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಾಗ "ದುಡ್ಡು ಆಮೇಲೆ ಕೊಡಿ, ಮೊದಲು ಹೋಗ್ಬನ್ನಿ" ಎಂದವರೂ ಅವರೇ. ಬಡ್ಡಿ ಇಲ್ಲ, ಅರ್ಜಿ ಇಲ್ಲ, ಜಾಮೀನು ಇಲ್ಲ. ಮುಖ ನೋಡಿ ಕೊಡುವ ಸಾಲ ಅದು.

ಕೈಗೆ ನಗದು ಬಂದ ವಾರ ನಾವು ಎಲ್ಲಿ ಕೊಳ್ಳುತ್ತೇವೆ? ಫೋನಿನಲ್ಲಿ. ಅಲ್ಲಿ "ಬರ್ಕೊಳ್ಳಿ" ಎನ್ನಲು ಆಗುವುದಿಲ್ಲ. ಈಚೆಗೆ ಫೋನಿನಲ್ಲೂ 'ಈಗ ಕೊಳ್ಳಿ, ಆಮೇಲೆ ಕೊಡಿ' ಎಂಬ ಸಾಲ ಸಿಗುತ್ತದೆ. ಅದು ಅಂಗಡಿಯ ಉದ್ರಿಯಂತಲ್ಲ. ಕಂತು ತಪ್ಪಿದರೆ ದಂಡ ಬೀಳಬಹುದು, ಮುಂದೆ ಬ್ಯಾಂಕಿನಲ್ಲಿ ಸಾಲ ಕೇಳುವಾಗಲೂ ಅದು ಅಡ್ಡ ಬರಬಹುದು.

ಹೀಗೆ ಊರಿನ ಅಂಗಡಿಯ ಪಾಲಿಗೆ ಉದ್ರಿ, ಆನ್‌ಲೈನ್ ಪಾಲಿಗೆ ನಗದು ಆದರೆ, ಅಂಗಡಿಯವರ ಪುಸ್ತಕದಲ್ಲಿ ಹೆಸರು ತುಂಬುತ್ತದೆ, ಗಲ್ಲಾಪೆಟ್ಟಿಗೆ ಖಾಲಿ ಇರುತ್ತದೆ. ಮಾಲು ತರಲು ದುಡ್ಡಿರುವುದಿಲ್ಲ. ಕೊನೆಗೆ ಒಂದು ದಿನ ಶಟರ್ ಎಳೆಯುತ್ತಾರೆ. ಆಮೇಲೆ ನಮಗೆ ಅರ್ಜೆಂಟಾಗಿ ಒಂದು ಲಂಗ, ಒಂದು ಕುಕ್ಕರ್ ಗ್ಯಾಸ್ಕೆಟ್, ಮಗುವಿಗೆ ಒಂದು ಸ್ವೆಟರ್ ಬೇಕಾದರೆ ಎಲ್ಲಿಗೆ ಹೋಗುವುದು? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವ ಗಾದೆ ಇದೆ. ಹೊಳೆಯನ್ನು ಒಂದೇ ಸಲ ದಾಟುವವರಿಗೆ ಅದು ಸರಿ. ನಾವು ದಿನಾ ದಾಟಬೇಕಾದವರು.

ಕೊಳ್ಳುವ ಮೊದಲು ಪೂರ್ತಿ ಬೆಲೆ ನೋಡಿ

ಫೋನಿನಲ್ಲಿ ಕಾಣುವ ಬೆಲೆ ಮತ್ತು ಕೊನೆಗೆ ನಮ್ಮ ಕೈಯಿಂದ ಹೋಗುವ ಹಣ ಯಾವಾಗಲೂ ಒಂದೇ ಅಲ್ಲ. ಈ ಪಟ್ಟಿಯನ್ನು ಸಭೆಯಲ್ಲಿ ಜೋರಾಗಿ ಓದಿ:

1. ಮಾಡೆಲ್ ನಂಬರ್ ಒಂದೇನಾ? ಅಂಗಡಿಯಲ್ಲಿ ನೋಡಿದ್ದಕ್ಕೂ ಫೋನಿನಲ್ಲಿ ಇರುವುದಕ್ಕೂ ತಾಳೆ ನೋಡಿ.
2. ಡೆಲಿವರಿ ಚಾರ್ಜು, ಪ್ಲಾಟ್‌ಫಾರ್ಮ್ ಶುಲ್ಕ ಎಷ್ಟು? ಮನೆಯಲ್ಲಿ ಹಣ ಕೊಟ್ಟರೆ ಹೆಚ್ಚುವರಿ ಎಷ್ಟು? ಕೊನೆಯ ಮೊತ್ತವನ್ನೇ ಹೋಲಿಸಿ.
3. 'ಶೇಕಡಾ 70 ರಿಯಾಯಿತಿ' ಎಂಬುದನ್ನು ನಂಬುವ ಮೊದಲು ಅದೇ ವಸ್ತು ಬೇರೆ ಕಡೆ ಎಷ್ಟಿದೆ ನೋಡಿ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಹೆಚ್ಚು ಯಾರೂ ಕೇಳುವಂತಿಲ್ಲ, ಕಮ್ಮಿಗೆ ಎಲ್ಲರೂ ಕೊಡಬಹುದು.
4. ಗ್ಯಾರಂಟಿ ಇದ್ದರೆ ರಿಪೇರಿ ಎಲ್ಲಿ? ಸರ್ವಿಸ್ ಸೆಂಟರ್ ಜಿಲ್ಲಾ ಕೇಂದ್ರದಲ್ಲಿದ್ದರೆ ಬಸ್ ಚಾರ್ಜು, ಒಂದು ದಿನದ ಕೂಲಿ ಸೇರಿಸಿ.
5. ಸರಿಯಾಗದಿದ್ದರೆ ವಾಪಸ್ ಕಳಿಸಲು ಎಷ್ಟು ದಿನ ಅವಕಾಶ? ನಿಮ್ಮ ಊರಿಗೆ ಬಂದು ತೆಗೆದುಕೊಂಡು ಹೋಗುತ್ತಾರಾ?
6. 'ಇನ್ನು 2 ಮಾತ್ರ ಉಳಿದಿದೆ', '10 ನಿಮಿಷದಲ್ಲಿ ಆಫರ್ ಮುಗಿಯುತ್ತೆ' ಎಂದು ಸುಳ್ಳು ಅವಸರ ಹುಟ್ಟಿಸುವುದು, ನಾವು ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಕೊನೆಯಲ್ಲಿ ಬೆಲೆ ಏರಿಸುವುದು ಇವುಗಳ ವಿರುದ್ಧ ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅವಸರ ಪಡಬೇಡಿ. ಒಂದು ರಾತ್ರಿ ಕಳೆದು ಯೋಚಿಸಿ.

ಒಂದು ಉದಾಹರಣೆ: ಮಿಕ್ಸಿ ಅಂಗಡಿಯಲ್ಲಿ 3,200 ರೂಪಾಯಿ, ಫೋನಿನಲ್ಲಿ 2,850 ರೂಪಾಯಿ. ವ್ಯತ್ಯಾಸ 350. ಶುಲ್ಕಗಳು 50 ರೂಪಾಯಿ ಆದರೆ ಉಳಿತಾಯ 300. ಜಾರ್ ಸೋರಿದರೆ ಪೇಟೆಗೆ ಹೋಗಿ ಬರುವ ಖರ್ಚು, ಆ ದಿನದ ಕೂಲಿ ಎರಡೂ ಸೇರಿ ಆ 300 ಹೋಗಬಹುದು. ಏನೂ ಹಾಳಾಗದಿದ್ದರೆ 300 ನಿಜವಾಗಿಯೂ ಉಳಿಯುತ್ತದೆ. ಎರಡೂ ಸಾಧ್ಯ. ಲೆಕ್ಕ ಹಾಕಿ ಕೊಳ್ಳಿ ಎನ್ನುವುದಷ್ಟೇ ನಮ್ಮ ಮಾತು.

ಇನ್ನು ಒಂದು ಸಣ್ಣ ನಿಯಮ ಇಟ್ಟುಕೊಳ್ಳೋಣ. ಅಂಗಡಿಯಲ್ಲಿ ನೋಡಿದ್ದನ್ನು ಫೋನಿನಲ್ಲಿ ಕೊಳ್ಳುವ ಮೊದಲು ಅಂಗಡಿಯವರಿಗೆ ಒಂದು ಅವಕಾಶ ಕೊಡಿ. ಬಾಯಿ ಬಿಟ್ಟು ಹೇಳಿ: "ಅಕ್ಕಾ, ಫೋನಲ್ಲಿ ಇಷ್ಟಕ್ಕೆ ಸಿಗ್ತಿದೆ. ನೀವು ಎಷ್ಟಕ್ಕೆ ಕೊಡ್ತೀರಿ?" ಚೌಕಾಸಿ ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಅವರು ಸ್ವಲ್ಪ ಇಳಿಸಬಹುದು, ಅಥವಾ ಯಾಕೆ ಆಗುವುದಿಲ್ಲ ಎಂದು ಹೇಳಬಹುದು. ಆನ್‌ಲೈನ್‌ನಲ್ಲೇ ಕೊಳ್ಳುವುದು ಎಂದು ಮೊದಲೇ ತೀರ್ಮಾನಿಸಿದ್ದರೆ, ಹತ್ತು ಡಬ್ಬಿ ಬಿಚ್ಚಿಸಬೇಡಿ. ಅವರ ಸಮಯವೂ ಕೂಲಿಯೇ.

ಅಂಗಡಿ ಇಟ್ಟಿರುವ ಸದಸ್ಯೆಯರಿಗೆ

ಗಿರಾಕಿ ಫೋನು ತೆಗೆದರೆ ಸಿಟ್ಟು ಮಾಡಬೇಡಿ. ಫೋನು ತೆಗೆದವರು ಕೊಳ್ಳುವ ಮನಸ್ಸಿನಿಂದಲೇ ಬಂದವರು. ಅವರ ಜೊತೆ ಮಾತಾಡಿ.

* ಎಲ್ಲ ವಸ್ತುಗಳಲ್ಲೂ ಆನ್‌ಲೈನ್ ಜೊತೆ ಪೈಪೋಟಿ ಮಾಡಲು ಹೋಗಬೇಡಿ. ಹೆಸರಾಂತ ಕಂಪನಿಯ, ಮಾಡೆಲ್ ನಂಬರ್ ಇರುವ ವಸ್ತುಗಳಲ್ಲಿ ಬೆಲೆ ಹೋಲಿಸುವುದು ಸುಲಭ, ಅಲ್ಲಿ ಸೋಲುವುದೂ ಸುಲಭ. ಅಳತೆ, ಬಣ್ಣ, ಬಟ್ಟೆಯ ಗುಣ ನೋಡಿಯೇ ಕೊಳ್ಳಬೇಕಾದ ಮಾಲು ಹೆಚ್ಚು ಇಡಿ.
* ವಸ್ತುವಿನ ಜೊತೆ ಕೆಲಸವನ್ನೂ ಸೇರಿಸಿ. ಸೀರೆಗೆ ಫಾಲ್ ಮತ್ತು ಕುಚ್ಚು, ಚೂಡಿದಾರಿಗೆ ಆಲ್ಟರೇಶನ್, ಕುಕ್ಕರಿಗೆ ಗ್ಯಾಸ್ಕೆಟ್ ಬದಲಾವಣೆ. ಸಂಘದಲ್ಲಿ ಹೊಲಿಗೆ ಕಲಿತವರಿದ್ದರೆ ಜೊತೆಗೂಡಿ ಮಾಡಿ. ಆನ್‌ಲೈನ್‌ನಲ್ಲಿ ಕೊಂಡ ಬಟ್ಟೆಯನ್ನೂ ಸಂತೋಷದಿಂದ ಆಲ್ಟರ್ ಮಾಡಿಕೊಡಿ, ಕೂಲಿ ತೆಗೆದುಕೊಳ್ಳಿ.
* ತೋರಿಸಲು ಒಂದೊಂದು ಬಗೆಯಲ್ಲಿ ಒಂದು ಪೀಸನ್ನು ಬೇರೆ ಇಡಿ. ಉಳಿದವನ್ನು ಕವರಿನಲ್ಲೇ ಇಟ್ಟರೆ ಹಾಳಾಗುವುದಿಲ್ಲ.
* ಮೂರು ನಾಲ್ಕು ಸಂಘಗಳ ಅಂಗಡಿಯವರು ಒಟ್ಟಾಗಿ ಮಾಲು ತರಿಸಿ. ಒಟ್ಟಿಗೆ ಕೊಂಡರೆ ದರ ಇಳಿಯುತ್ತದೆ, ಲಗೇಜು ಖರ್ಚೂ ಹಂಚಿಹೋಗುತ್ತದೆ.
* ಹೊಸ ಮಾಲಿನ ಫೋಟೋವನ್ನು ಬೆಲೆ ಸಮೇತ ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿ. ಫೋನಿನಲ್ಲಿ ನೋಡಿ ಅಂಗಡಿಗೆ ಬಂದು ಕೊಳ್ಳುವವರೂ ಇದ್ದಾರೆ.
* ಬಿಲ್ಲು ಕೊಡಿ. 'ಮಾರಿದ ವಸ್ತುವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ' ಎಂಬ ಬೋರ್ಡು ತೆಗೆಯಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಏನೂ ಬರೆಯದಿದ್ದರೆ 30 ದಿನದೊಳಗೆ, ದೋಷವಿರುವ ವಸ್ತುವನ್ನು ವಾಪಸ್ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ.
* ಉದ್ರಿಗೆ ಮಿತಿ ಇಡಿ. ಇಷ್ಟು ರೂಪಾಯಿ ದಾಟಿದರೆ ಹಳೆಯದು ತೀರಿಸಿ ಹೊಸದು ಒಯ್ಯಬೇಕು ಎಂದು ಎಲ್ಲರಿಗೂ ಒಂದೇ ನಿಯಮ ಮಾಡಿ.

ನೀವೇ ತಯಾರಿಸುವ ಬ್ಯಾಗು, ಉಪ್ಪಿನಕಾಯಿ, ಬಟ್ಟೆಗಳನ್ನು ಆನ್‌ಲೈನ್‌ನಲ್ಲಿ ಮಾರಲೂಬಹುದು. ಮೊದಲು ಅದಕ್ಕೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ, ವಾರ್ಷಿಕ ವ್ಯಾಪಾರ ನೋಂದಣಿಯ ಮಿತಿಗಿಂತ ಕಡಿಮೆ ಇರುವ ಸಣ್ಣ ಮಾರಾಟಗಾರರು ಪಾನ್ ಕಾರ್ಡ್ ಆಧಾರದಲ್ಲಿ ಜಿಎಸ್‌ಟಿ ಜಾಲತಾಣದಲ್ಲಿ ದಾಖಲಾತಿ ಸಂಖ್ಯೆ ಪಡೆದು, ತಮ್ಮ ರಾಜ್ಯದೊಳಗೆ ಮಾತ್ರ ಹೀಗೆ ಮಾರಬಹುದು. ಕರ್ನಾಟಕದಲ್ಲಿ ಸರಕುಗಳಿಗೆ ಈ ಮಿತಿ 40 ಲಕ್ಷ ರೂಪಾಯಿ. ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ನೋಂದಣಿಯೂ ಬೇಕು. ಮಾರುವ ಮೊದಲು ಕಂಪನಿಯ ಕಮಿಷನ್, ವಾಪಸ್ ಬಂದ ವಸ್ತುವಿನ ಖರ್ಚು ಯಾರದು ಎಂದು ಕೇಳಿ ತಿಳಿಯಿರಿ.

ಮೋಸ ಆದರೆ ಏನು ಮಾಡಬೇಕು?

ಡಬ್ಬಿ ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿ. ಬಿಲ್ಲು, ಆರ್ಡರ್ ನಂಬರ್, ಫೋಟೋ ಜೋಪಾನವಾಗಿಡಿ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಪ್ರತಿ ಆನ್‌ಲೈನ್ ಕಂಪನಿಯಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಅಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಆಮೇಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕಂಪನಿ ದೆಹಲಿಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ನಕಲಿ ಜಾಲತಾಣಕ್ಕೆ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಹಣ ವಾಪಸ್ ಪಡೆಯಲು ಯಾರಿಗೂ ಯುಪಿಐ ಪಿನ್ ಹೇಳಬೇಡಿ, ನೀವೂ ಒತ್ತಬೇಡಿ. ಹಣ ಬರುವುದಕ್ಕೆ ಪಿನ್ ಬೇಕಾಗಿಲ್ಲ.

ಸಂಘದಲ್ಲಿ ಚರ್ಚಿಸಿ

1. ಕಳೆದ ಮೂರು ತಿಂಗಳಲ್ಲಿ ನಮ್ಮ ಸಂಘದ ಸದಸ್ಯೆಯರು ಆನ್‌ಲೈನ್‌ನಲ್ಲಿ ಏನೇನು ಕೊಂಡೆವು? ಅದರಲ್ಲಿ ಎಷ್ಟನ್ನು ಮೊದಲು ಅಂಗಡಿಯಲ್ಲಿ ನೋಡಿದ್ದೆವು?
2. ನಮ್ಮ ಊರಿನಲ್ಲಿ ಈಚೆಗೆ ಮುಚ್ಚಿದ ಅಂಗಡಿ ಯಾವುದು? ಯಾಕೆ ಮುಚ್ಚಿತು? ಅದರಿಂದ ಯಾರಿಗೆ ತೊಂದರೆಯಾಯಿತು?
3. ಊರಿನ ಅಂಗಡಿಗೆ ನಾವು ಕೊಡಬೇಕಾದ ಉದ್ರಿ ಎಷ್ಟು? ಯಾವಾಗ ತೀರಿಸುತ್ತೇವೆ?
4. ಸಂಘದ ಸಾಲದಲ್ಲಿ ಅಂಗಡಿ ಹಾಕಿದ ಸದಸ್ಯೆಯರು ಇದ್ದರೆ ಅವರ ದಿನದ ಖರ್ಚು, ಲಾಭದ ಲೆಕ್ಕವನ್ನು ಎಲ್ಲರೂ ಸೇರಿ ಮಾಡೋಣವೇ?

ಮುಂದಿನ ಸಭೆಗೆ ಮಾಡಿಕೊಂಡು ಬರಬೇಕಾದ ಕೆಲಸ: ಪ್ರತಿಯೊಬ್ಬರೂ ಮನೆಗೆ ಬೇಕಾದ ಒಂದು ವಸ್ತುವನ್ನು ಆರಿಸಿ, ಅಂಗಡಿಯ ಬೆಲೆ ಮತ್ತು ಫೋನಿನ ಕೊನೆಯ ಮೊತ್ತ ಎರಡನ್ನೂ ಪುಸ್ತಕದಲ್ಲಿ ಬರೆದುಕೊಂಡು ಬನ್ನಿ. ಅಂಗಡಿಯವರನ್ನು ಕೇಳಿದಾಗ ಎಷ್ಟು ಇಳಿಸಿದರು ಎಂಬುದನ್ನೂ ಬರೆಯಿರಿ. ಸಂಘದ ಕಾರ್ಯದರ್ಶಿಗಳು ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಸೇರಿಸಿ, ಒಕ್ಕೂಟದ ಸಭೆಗೆ ತರಬೇಕೆಂದು ಕೋರುತ್ತೇವೆ.